ಗೆರೆ ಕಂಡರೆ ಫೋಟೋ

ಕೇಳಿ, ದ್ಯಾವಮ್ಮ ಅಂತ ಒಬ್ಬಳಿದ್ದಳು. ಕಾಲೇಜಿನ ಗೇಟಿನ ಮುಂದೆ ಬೋಂಡಾ ಕರಿಯುತ್ತಿದ್ದಳು. ಅವಳ ಮಗ ಸಣ್ಣಯ್ಯ ಆಳುದ್ದ ಬೆಳೆದಿದ್ದ, ಬುದ್ಧಿ ಮಾತ್ರ ಬೆಳೆದಿರಲಿಲ್ಲ. ಆ ಕಾಲೇಜಿನ ಇಂದುಮತಿ ಮೇಡಂಗೆ ದಿನಾ ಬಿಸಿ ಬೋಂಡಾ ಕೊಟ್ಟು, ಕೈಕಾಲು ಹಿಡಿದು, ಅವರ ಲ್ಯಾಬಿನಲ್ಲಿ ಅವನಿಗೊಂದು ಕೆಲಸ ಗಿಟ್ಟಿಸಿದಳು. ದೊಡ್ಡ ಸಾಹೇಬರು ಬಂದು ನೋಡಿ ಮೆಚ್ಚಿದರೆ ಕೆಲಸ ಕಾಯಂ.

"ನೋಡಪ್ಪಾ, ತಲೆ ಓಡಿಸಬೇಡ. ಹೇಳಿದ್ದು ಮಾಡು, ಹೇಳದ್ದು ಮಾಡಬೇಡ!"

"ಆಗಲಿ ಕಣವ್ವಾ!"

ಮೊದಲ ದಿನ ಮೇಡಂ ಗಟ್ಟಿ ಲೋಳೆಯಂಥ ತೆಳ್ಳನೆಯ ಜೆಲ್ ತುಂಡುಗಳನ್ನು ಕೊಟ್ಟು, "ಪ್ರೋಟೀನ್ ಇರೋದನ್ನ ಎತ್ತಿಡು, ಇಲ್ಲದ್ದನ್ನ ಬಿಸಾಕು" ಅಂದರು. ಸಣ್ಣಯ್ಯ ಹಿಂದೆ ನೋಡಿದ, ಮುಂದೆ ನೋಡಿದ. ಏನೂ ಕಾಣಲಿಲ್ಲ. ಎಲ್ಲವನ್ನೂ ಬಿಸಾಕಿದ.

"ಅಯ್ಯೋ ಪೆದ್ದೇ! ಬರಿಗಣ್ಣಿಗೆ ಕಾಣುತ್ತೇನೋ? ಕಾಣದಿದ್ದರೆ ನೀಲಿ ಬಣ್ಣ ಸುರೀಬೇಕು!"

"ಆಗಲಿ ಮೇಡಂ!"

ಮರುದಿನ ಮೇಡಂ ಮೇಜು ತಡಕುತ್ತಾ, "ನನ್ನ ಕನ್ನಡಕ ಕಾಣ್ತಿಲ್ಲ ಕಣೋ" ಅಂದರು. ಕಾಣದಿದ್ದರೆ ನೀಲಿ! ಸಣ್ಣಯ್ಯ ಸೀಸೆ ಎತ್ತಿ ಸುರಿದೇ ಸುರಿದ. ಪುಸ್ತಕ ನೀಲಿ, ಬೋಂಡಾ ನೀಲಿ, ಮೇಡಂ ಸೀರೆ ನೀಲಿ. ಕನ್ನಡಕ ಅವರ ತಲೆಯ ಮೇಲೇ ಇತ್ತು.

"ಮಂಕು ದಿಣ್ಣೆ! ನೀಲಿ ಕಂಡರೆ ತೊಳಿ, ಹೋಗೋವರೆಗೂ ತೊಳಿ!"

"ಆಗಲಿ ಮೇಡಂ!"

ಆಮೇಲೆ ಮೇಡಂ ತಾವೇ ಜೆಲ್‌ಗೆ ಬಣ್ಣ ಹಾಕಿ, ಹದವಾಗಿ ತೊಳೆದು ಊಟಕ್ಕೆ ಹೋದರು. ಪ್ರೋಟೀನ್ ಇದ್ದಲ್ಲೆಲ್ಲ ಚೆಂದದ ನೀಲಿ ಗೆರೆ. ನೀಲಿ ಕಂಡಿತು! ಸಣ್ಣಯ್ಯ ಉಜ್ಜಿ ಉಜ್ಜಿ ತೊಳೆದ. ಗೆರೆಯೂ ಹೋಯಿತು, ಜೆಲ್ಲೂ ಹೋಯಿತು.

ಮೇಡಂ ಅತ್ತೇಬಿಟ್ಟರು. "ಗೆರೆ ಕಂಡರೆ ತೊಳೀಬಾರದು ಕಣೋ! ಕ್ಯಾಮೆರಾ ಇರೋ ಕತ್ತಲೆ ಕೋಣೆಗೆ ಹಾಕಿ, ಬಾಗಿಲು ಭದ್ರ ಮಾಡಿ, ಹೊರಗಿನ ಗುಂಡಿ ಒತ್ತಿ ಫೋಟೋ ತೆಗೀಬೇಕು! ಇನ್ನೊಂದು ಸಲ ತಪ್ಪಿದರೆ ನಿಮ್ಮವ್ವನ ಜೊತೆ ಬೋಂಡಾ ಕರಿ!"

ಸಾಹೇಬರು ಬರುವ ದಿನ ಬಂತು. ದ್ಯಾವಮ್ಮ ಬೆಳಗಿನಿಂದಲೇ ಬೋಂಡಾ ಕರಿಯತೊಡಗಿದಳು. ಮೇಡಂ ಗೇಟಿನಲ್ಲೇ ನಿಂತು ಬೋಂಡಾ ತಿನ್ನುತ್ತಾ ಕಾದರು, ಕಾದೇ ಕಾದರು. ಸಾಹೇಬರ ಸುಳಿವಿಲ್ಲ. ಸಂಜೆಗೆ ಸಣ್ಣಯ್ಯ ಕುಣಿಯುತ್ತಾ ಬಂದ.

"ಅವ್ವಾ, ಇವತ್ತು ಒಂದೂ ತಪ್ಪಿಲ್ಲ!"

ಕೈಯಲ್ಲೊಂದು ಫೋಟೋ. ಅದರಲ್ಲಿ ಗೆರೆಗೆರೆ ಅಂಗಿ, ಬೋಳು ತಲೆ, ತೆರೆದ ಬಾಯಿ.

"ಯಾರೋ ಇದು?"

"ದೊಡ್ಡ ಸಾಹೇಬರಂತೆ! ಹಿಂದಿನ ಬಾಗಿಲಿಂದ ಬಂದ್ರು. ಮೈತುಂಬಾ ಗೆರೆ! ಕತ್ತಲೆ ಕೋಣೆಗೆ ಹಾಕಿ, ಬಾಗಿಲು ಭದ್ರ ಮಾಡಿ, ಗುಂಡಿ ಒತ್ತಿದೆ!"

"ಈಗೆಲ್ಲೋ ಅವರು?"

"ಒಳಗೇ! ಬಾಗಿಲು ಬಡೀತಾನೇ ಇದಾರೆ."

ಮೇಡಂ ಬೋಂಡಾ ಬಿಸಾಕಿ ಓಡಿದರು.

"ಬಾಗಿಲು ತೆಗೀಬಾರದಾಗಿತ್ತೇನೋ ಪಾಪಿ!" ಅಂದಳು ದ್ಯಾವಮ್ಮ.

"ತೆಗಿ ಅಂತ ಯಾರೂ ಹೇಳಲಿಲ್ಲ. ಹೇಳದ್ದು ಮಾಡಬೇಡ ಅಂದೋಳು ನೀನೇ ಅಲ್ವೇನವ್ವಾ?"

'ಹಾಳು ಬಾವಿಗೆ ಬೀಳು' ಎಂಬ ಮಾತು ದ್ಯಾವಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಹೇಳಿದರೆ ಮಾಡಿಯೇಬಿಡುತ್ತಾನಲ್ಲ!