ಬಂಕಣ್ಣನ ಬಾಗಿಲು

"ಕೇಳಿರಪ್ಪೋ ಕೇಳಿ! ನ್ಯಾಯದ ಚಾವಡಿಯಲ್ಲಿ ಕೂತಿರುವ ಪ್ರೇತದ ಮೂರು ಒಗಟು ಬಿಡಿಸಿದವರಿಗೆ ದೊರೆಗಳು ನ್ಯಾಯಪೀಠ ಕೊಡುತ್ತಾರೆ, ಮೇಲೆ ಬೇಡಿದ್ದೊಂದು ಕೊಡುತ್ತಾರೆ! ತಪ್ಪು ಹೇಳಿದವರ ಉಸಿರು ಪ್ರೇತದ ಪಾಲು!"

ಹೀಗೆ ಸಾರುತ್ತ ಬೀದಿ ಬೀದಿ ಸುತ್ತಿದವನು ಚೌಡ. ತಮಟೆ ಅವನ ಅಪ್ಪ ಮುದ್ದನದು. ಹಿಂದೊಮ್ಮೆ ಊರ ಕಣಜ ಸುಟ್ಟುಹೋದಾಗ, ಬೆಂಕಿ ಇಟ್ಟವನು ಮುದ್ದನೇ ಎಂದು ಅವನನ್ನು ಗಲ್ಲಿಗೇರಿಸಿದರು. ಆ ದಿನ ಅಪ್ಪನ ತಮಟೆಯನ್ನು ಮಗನ ಕೊರಳಿಗೆ ಹಾಕಿ, "ಮುದ್ದ ಪಾಪಿ" ಎಂದು ಅವನ ಬಾಯಿಂದಲೇ ಸಾರಿಸಿದರು. ಅಂದಿನಿಂದ ಚೌಡನಿಗೆ ಊಟ ರುಚಿಸಿದ್ದಿಲ್ಲ.

ಆ ತೀರ್ಪು ಕೊಟ್ಟವನೇ ಈಗ ಪ್ರೇತವಾಗಿರುವ ಬಂಕಣ್ಣ. ಅವನು ಹುಟ್ಟಾ ನ್ಯಾಯಾಧಿಪತಿಯಲ್ಲ. ಆ ನಾಡಿನಲ್ಲಿ ಮಹಾಸಭೆಗೆ ಮುಖಂಡರನ್ನು ಜನರೇ ಆರಿಸುತ್ತಿದ್ದರು. ಬೇಕಾದವನ ಗಡಿಗೆಗೆ ಒಂದು ಹುಣಸೆಬೀಜ ಹಾಕುವುದು, ಯಾರಿಗೆ ಹಾಕಿದೆ ಎಂದು ಯಾರಿಗೂ ಹೇಳದಿರುವುದು, ಅದು ಪದ್ಧತಿ. ಬಂಕಣ್ಣನ ಗಡಿಗೆ ಪ್ರತಿಸಲವೂ ತುಂಬಿ ಚೆಲ್ಲುತ್ತಿತ್ತು. ಮಾತಿನ ಮಲ್ಲ, ಕರೆದರೆ ಓಡಿಬರುವವನು, ಜನ ಅವನನ್ನು ಹೊತ್ತು ಮೆರೆಸಿದರು. ಕೊನೆಗೆ ದೊರೆ ಅವನನ್ನು ನ್ಯಾಯಪೀಠದಲ್ಲಿ ಕೂರಿಸಿದ. ತೀರ್ಪು ಹೇಳುವಾಗ ಚಾವಡಿಯ ಬಾಗಿಲು ಮುಚ್ಚಬೇಕೆಂಬುದು ಅಲ್ಲಿನ ಹಳೆಯ ಕಟ್ಟಳೆ. ಜೈಕಾರ ಕೇಳದೆ ಬಂಕಣ್ಣನಿಗೆ ಉಸಿರು ಕಟ್ಟುತ್ತಿತ್ತು. ಅವನು ಬಾಗಿಲು ತೆಗೆಸಿದ.

ಮುದ್ದನ ಗಲ್ಲಾದ ಮೇಲೆ ಬಂಕಣ್ಣ ಬಹಳ ದಿನ ಬದುಕಲಿಲ್ಲ. ಸತ್ತರೂ ಪೀಠ ಬಿಡಲಿಲ್ಲ. ಮಟಮಟ ಮಧ್ಯಾಹ್ನ ಚಾವಡಿಗೆ ಹೋದವರಿಗೆ ಪೀಠದ ಮೇಲೆ ಅವನು ಕಾಣುತ್ತಿದ್ದ. ಬಾಗಿಲಿಗೆ ಅಗುಳಿ ಜಡಿದರೂ ತಾನಾಗಿ ತೆರೆದುಕೊಳ್ಳುತ್ತಿತ್ತು. ನಾಡಿನಲ್ಲಿ ನ್ಯಾಯವೇ ನಿಂತುಹೋಯಿತು, ಸೆರೆಮನೆ ತುಂಬಿತು.

ಡಂಗುರ ಕೇಳಿ ಮೊದಲು ಬಂದವನು ಆಸ್ಥಾನ ಪಂಡಿತರ ಮಗ. ದೊರೆ ಚಾವಡಿಯೊಳಗೆ ಕೂತಿದ್ದ, ಹೊರಗೆ ಊರಿಗೆ ಊರೇ ನೆರೆದಿತ್ತು. ಪ್ರೇತ ತಲೆಯೆತ್ತಿ ಕೇಳಿತು: "ಅದರಿಂದ ಹೊಟ್ಟೆ ತುಂಬದು, ಅದನ್ನು ಯಾರೂ ಮುಷ್ಟಿ ಬಿಚ್ಚಿ ತೋರಿಸರು. ಆದರೂ ಅದಕ್ಕಾಗಿ ನಾನು ಮನೆಮನೆಯ ಮೆಟ್ಟಿಲಲ್ಲಿ ಕೈಮುಗಿದೆ. ಏನದು?"

"ಪುಣ್ಯ" ಎಂದ ಪಂಡಿತರ ಮಗ, ಮೀಸೆ ತಿರುವಿಕೊಂಡು. ಆ ಕೈ ಮೀಸೆಯ ಮೇಲೇ ತಣ್ಣಗಾಯಿತು.

ಎರಡನೆಯವನು ದಂಡನಾಯಕನ ಅಳಿಯ. "ಹುಣಸೆಬೀಜ" ಎಂದು ಮೊದಲನೆಯದನ್ನು ಬಿಡಿಸಿಯೇಬಿಟ್ಟ. ಹೊರಗೆ ಜನ ಹೋ ಎಂದರು. ಪ್ರೇತ ಮತ್ತೆ ಕೇಳಿತು: "ಮೊದಲ ಮನೆಯಲ್ಲಿ ಅದು ನನಗೆ ಅನ್ನವಾಗಿತ್ತು. ಎರಡನೆಯ ಮನೆಯಲ್ಲಿ ಅದೇ ವಿಷವಾಯಿತು. ಏನದು?"

"ಲಂಚ!" ಎಂದ ಅಳಿಯ.

"ನಾನು ಯಾರ ಕೈಯಿಂದಲೂ ಕಾಸು ಮುಟ್ಟಲಿಲ್ಲ" ಎಂದಿತು ಪ್ರೇತ, ಬಹಳ ದುಃಖದಿಂದ. ಅವನ ಹೆಣವನ್ನೂ ಹೊತ್ತು ತಂದರು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಚೌಡ ತಮಟೆ ಕೆಳಗಿಟ್ಟ. ತಾಯಿ ಅವನ ತೋಳು ಹಿಡಿದುಕೊಂಡಳು.

"ಬ್ಯಾಡ ಕಣೋ ಮಗಾ. ಆ ಬಾಗ್ಲು ನಿಮ್ಮಪ್ಪನ್ನ ನುಂಗಿದ್ದು ಸಾಲ್ದಾ?"

"ಅಪ್ಪನ ಹೆಸ್ರು ಇನ್ನೂ ಅದರೊಳಗೇ ಅದೆ ಕಣವ್ವ. ತಕ್ಕೊಂಡು ಬತ್ತೀನಿ."

ಒಳಗೆ ಬಿಸಿಲಲ್ಲೂ ಮೈ ನಡುಗುವ ಚಳಿ. ಚೌಡ ಕೈಕಟ್ಟಿ ನಿಂತ. "ಮೊದಲ್ನೇದು ಹುಣಸೆಬೀಜ ಬುದ್ಧಿ. ಅದ್ರೊಳಗಿದ್ದದ್ದು ಜನರ ನಂಬಿಕೆ. ಎರಡ್ನೇದು ಜೈಕಾರ. ಸಭೇಲಿದ್ದಾಗ ಅದನ್ನೇ ಉಂಡು ಬೆಳೆದ್ರಿ. ಪೀಠಕ್ಕೆ ಬಂದ್ಮೇಲೂ ಬಿಡನಾರ್ದೆ ಬಾಗ್ಲು ತೆಗೆಸಿದ್ರಿ. ಅವತ್ತು 'ಮುದ್ದನ್ನ ಗಲ್ಲಿಗಾಕಿ' ಅಂತ ಕೂಗು ಬಂದಾಗ ನಾನು ಹೊರಗೇ ನಿಂತಿದ್ದೆ."

ಪ್ರೇತ ಹೌದೆಂದು ತಲೆದೂಗಿತು. ಆಮೇಲೆ ಮೂರನೆಯದನ್ನು ಕೇಳಿತು: "ನಾಡಿಗೆಲ್ಲ ತೀರ್ಪು ಕೊಟ್ಟೆ. ಒಬ್ಬನಿಗೆ ಮಾತ್ರ ಕೊಡಲಾರದೆ ಹೋದೆ. ಅವನ ತೀರ್ಪಾಗದೆ ನಾನು ಇಲ್ಲಿಂದ ಏಳುವಂತಿಲ್ಲ. ಯಾರವನು?"

'ನಮ್ಮಪ್ಪ' ಎಂಬ ಮಾತು ಚೌಡನ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ತಡೆದ. ಅಪ್ಪನಿಗೆ ತೀರ್ಪಾಗಿತ್ತು, ಸುಳ್ಳು ತೀರ್ಪಾದರೂ ಆಗಿತ್ತು. ಹಾಗಾದರೆ ಉಳಿದವನು?

"ನೀವೇ ಬುದ್ಧಿ" ಎಂದ. "ತನ್ನ ನ್ಯಾಯ ತಾನೇ ಹೇಳ್ಕೊಳ್ಳಕ್ಕೆ ಯಾರ್ ಕೈಲೂ ಆಗಕಿಲ್ಲ."

"ಹಾಗಾದರೆ ನೀನು ಹೇಳು" ಎಂದು ಪ್ರೇತ ಪೀಠದಿಂದಿಳಿದು, ತಪ್ಪಿತಸ್ಥರು ನಿಲ್ಲುವ ಕಲ್ಲಿನ ಮೇಲೆ ನಿಂತಿತು.

ಚೌಡ ಆ ಕಲ್ಲಿನೆದುರು ಬಂದು ನಿಂತ. "ನಮ್ಮಪ್ಪ ಬೆಂಕಿ ಇಟ್ಟಿದ್ನಾ?"

"ಇಟ್ಟಿದ್ದಕ್ಕೆ ಸಾಕ್ಷಿ ಒಂದೂ ಇರಲಿಲ್ಲ. ಅವನು ಆ ಹೊತ್ತು ಹೊಳೆಯಾಚೆ ಡಂಗುರ ಸಾರುತ್ತಿದ್ದದ್ದು ನನಗೆ ಗೊತ್ತಿತ್ತು. ಬಿಟ್ಟುಬಿಡಬೇಕೆಂದೇ ಬಾಯಿ ತೆರೆದೆ. ಕೂಗು ಕೇಳಿತು. ನಾಲಿಗೆ ಕೂಗಿನ ಕಡೆ ಹೊರಳಿತು."

ಹೊರಗಿನವರಿಗೂ ಇದು ಕೇಳಿಸಿತು. "ಮನ್ನಿಸಿಬಿಡು ಚೌಡಾ! ನಮ್ಮ ಬಂಕಣ್ಣ, ಪಾಪ!" ಎಂದು ಕೂಗೆದ್ದಿತು. ಅಂದು ಗಲ್ಲಿಗೆ ಕೂಗಿದ ಗಂಟಲುಗಳೇ. ಜನ ಮರುಳೋ ಜಾತ್ರೆ ಮರುಳೋ! ಮನ್ನಿಸಿದರೆ ಊರೆಲ್ಲ ತನ್ನನ್ನು ಹೊತ್ತು ಮೆರೆಸುತ್ತದೆಂದು ಚೌಡನಿಗೆ ಗೊತ್ತಾಯಿತು. ಕಳ್ಳನ ಹಾಗೆ ಗೋಡೆಯಂಚಿಗೆ ಬದುಕಿದವನಿಗೆ ಆ ಆಸೆ ಸಣ್ಣದಲ್ಲ.

ಅವನು ಹೋಗಿ ಬಾಗಿಲು ಮುಚ್ಚಿದ. ಅಷ್ಟು ಕಾಲದ ಮೇಲೆ ಮೊದಲ ಸಲ ಅದು ಮುಚ್ಚಿಯೇ ನಿಂತಿತು.

"ತಪ್ಪು ನಿಮ್ದೇ ಬುದ್ಧಿ. ಕೂಗಿದ್ದು ಜನ, ಕೊಂದದ್ದು ನೀವು."

"ಸತ್ಯ" ಎಂದಿತು ಪ್ರೇತ. ನೋವಿನಿಂದಲ್ಲ, ಹೊರೆ ಇಳಿಸಿದವನ ದನಿಯಲ್ಲಿ. ಮರುಕ್ಷಣ ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಚಾವಡಿಯೊಳಗೆ ಬಿಸಿಲಿನ ಕಾವು ಬಂತು.

ದೊರೆ ಎದ್ದು ಬಂದು ಚೌಡನ ಕೈ ಹಿಡಿದ. "ಪೀಠ ನಿನ್ನದಪ್ಪ. ಇನ್ನೊಂದು ಬೇಡಿಕೋ."

"ನಮ್ಮಪ್ಪ ತಪ್ಪು ಮಾಡ್ಲಿಲ್ಲ ಅಂತ ಬೀದಿಬೀದೀಲಿ ಡಂಗುರ ಆಗ್ಲಿ ಬುದ್ಧಿ."

"ಈಗಲೇ ಆಳನ್ನು ಕಳಿಸುತ್ತೇನೆ."

"ಆಳ್ಯಾಕೆ? ಅವತ್ತು ಸಾರಿದ್ದೂ ನಾನೇ."

ಅಂದು ನಡೆದ ಬೀದಿಗಳಲ್ಲೇ ಚೌಡ ಮತ್ತೆ ನಡೆದ. ಜನ ತಲೆತಗ್ಗಿಸಿ ದಾರಿ ಬಿಟ್ಟರು. ಆ ದಿನ ತನ್ನ ಮನೆಯ ಮುಂದೆ ಬಂದಾಗ ದನಿ ತಗ್ಗಿಸಿದ್ದ. ಇಂದು ಅಲ್ಲಿ ನಿಂತು, ಇರುವ ಶಕ್ತಿಯನ್ನೆಲ್ಲ ಸೇರಿಸಿ ತಮಟೆ ಬಡಿದು ಕೂಗಿದ: "ಕೇಳಿರಪ್ಪೋ ಕೇಳಿ! ಮುದ್ದ ತಪ್ಪು ಮಾಡಲಿಲ್ಲ!"

ತಾಯಿ ಹೊಸ್ತಿಲಲ್ಲಿ ಕೂತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಸಾರು ಮಗಾ" ಎಂದಳು. "ಅವ್ರಿಗೂ ಕೇಳಿಸ್ಲಿ."