ಪಿಕಳಾರದ ಮರಿಗೆ ಕೆನ್ನೆಯ ಕೆಂಪು ತಡವಾಗಿ ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದಾಗ ಹಕ್ಕಿಗಳಿಗೆ ಹೆಸರಿಡುವ ಕೆಲಸ ಆಲದಜ್ಜಿಯದು. ಮರಿ ಮೊಟ್ಟೆಯೊಡೆದ ಕೂಡಲೇ ಆ ಮುದಿ ಆಲದ ಮರ ಕೊಂಬೆ ಬಗ್ಗಿಸಿ ಕಿವಿಯಲ್ಲಿ ಮೂರು ಹೆಸರು ಹೇಳುತ್ತಿದ್ದಳು: ಬಳಗದ್ದೊಂದು, ಕುಲದ್ದೊಂದು, ಊರಿನದೊಂದು. ಪಿಕಳಾರದ ಮರಿಯಾದರೆ, ಹೇಳಿದ ಗುರುತಿಗೆ ಕೆನ್ನೆಗೊಂದು ಕೆಂಪು ಹಣ್ಣು ಒತ್ತುತ್ತಿದ್ದಳು.

ಪಡುವಣ ಬೆಟ್ಟದಲ್ಲಿ ಕೆಂಗವ್ವ ಎಂಬ ಪಿಕಳಾರ ಇದ್ದಳು. ಅವಳ ಮಗ ದೂರದ ಮೂಡಣ ಕಡಲಿನ ಕಡೆಯಿಂದ ಹೆಂಡತಿಯನ್ನು ಕರೆತಂದ. ಸೊಸೆ ಸೋನವ್ವನಿಗೂ ಅದೇ ಜುಟ್ಟು, ಅದೇ ಕೆಂಪು ಕೆನ್ನೆ. ಆದರೆ ಬಾಲದ ತುದಿ ಬಿಳಿ. ಬೆಟ್ಟದಲ್ಲಿ ಯಾರ ಬಾಲದ ತುದಿಯೂ ಬಿಳಿಯಿರಲಿಲ್ಲ.

ಕೆಂಗವ್ವ ಒಂದು ಕಣ್ಣಲ್ಲಿ ನೋಡಿದಳು. ತಲೆ ತಿರುಗಿಸಿ ಇನ್ನೊಂದು ಕಣ್ಣಲ್ಲಿ ನೋಡಿದಳು. ಈ ಕೆಂಪು ಬಳಿದುಕೊಂಡದ್ದೇ ಇರಬೇಕು ಎನಿಸಿತು. ಸೆಕೆಯ ನೆಪ ಹೇಳಿ ಸೊಸೆಯನ್ನು ಹೊಳೆಗೆ ಕರೆದೊಯ್ದು ಚೆನ್ನಾಗಿ ಮೀಯಿಸಿದಳು. ಬಣ್ಣ ಬಿಟ್ಟಿತೇ ಎಂದು ಹೊಳೆಯನ್ನು ಗುಟ್ಟಾಗಿ ಕೇಳಿದಳು. ಒಂದು ಹನಿಯೂ ಇಲ್ಲ ಎಂದಿತು ಹೊಳೆ. ಹೊಳೆ ಹರಿಯುವುದೂ ಮೂಡಣಕ್ಕೇ ಅಲ್ಲವೇ, ಇದೂ ಅವಳ ಕಡೆಯದೇ ಎಂದುಕೊಂಡಳು ಕೆಂಗವ್ವ.

ಸೊಸೆ ಮೊಟ್ಟೆಯಿಟ್ಟಳು. ಪಕ್ಕದ ಗೂಡಿನಲ್ಲಿ ಮಗಳೂ ಇಟ್ಟಳು. ಕೆಂಗವ್ವ ನೇರ ಆಲದಜ್ಜಿಯ ಬಳಿ ಹೋದಳು.

“ಸೊಸೆಯ ಮರಿಗೆ ಈಗಲೇ ಹೆಸರಿಡಬೇಡ ಅಜ್ಜೀ. ಎಂಥದು ಹುಟ್ಟುತ್ತದೋ ಏನೋ. ನಮ್ಮದಲ್ಲದಿದ್ದರೆ ತಾಯಿ ಮರಿ ಇಬ್ಬರೂ ಬೆಟ್ಟ ಇಳಿಯಲಿ.”

ಸೋನವ್ವ ಕೇಳಿಸಿಕೊಂಡು ಮೊಟ್ಟೆಗಳ ಮೇಲೆ ಇನ್ನಷ್ಟು ಒತ್ತಿ ಕೂತಳು.

“ಕಾಯುತ್ತೇನೆ,” ಎಂದಳು ಆಲದಜ್ಜಿ. “ಆದರೆ ಒಬ್ಬರಿಗೆ ಕಾದರೆ ಎಲ್ಲರಿಗೂ ಕಾಯಬೇಕಮ್ಮ.”

ಹೀಗಾಗಿ ಆ ಸಲ ಮರಿಗಳೆಲ್ಲ ಬೋಳು ಕೆನ್ನೆಯಲ್ಲೇ ಬಂದವು. ಗೂಡು ಬಿಟ್ಟು ಒಂದೇ ಕೊಂಬೆಯಲ್ಲಿ ಸಾಲಾಗಿ ಕೂತವು. ಬಾಲ ಇನ್ನೂ ಮೋಟು. ಗಾಳಿ ಬೀಸಿ ಸಾಲು ಕಲಸಿಹೋಯಿತು. ಹುಳು ಕಚ್ಚಿಕೊಂಡು ಬಂದ ಕೆಂಗವ್ವ ಮಗಳ ಮರಿಯನ್ನು ಹುಡುಕಿದಳು. ಒಂದು ಕಣ್ಣಲ್ಲಿ ನೋಡಿದಳು. ಇನ್ನೊಂದು ಕಣ್ಣಲ್ಲಿ ನೋಡಿದಳು. ಎಲ್ಲವೂ ಒಂದೇ ಥರ ಬಾಯಿ ತೆರೆದು ಒಂದೇ ಥರ ಕೂಗುತ್ತಿದ್ದವು. ಇದೇ ಇರಬೇಕೆಂದು ಒಂದರ ಬಾಯಿಗೆ ಹುಳು ಹಾಕಿದಳು.

“ಅದು ನನ್ನದು, ಅತ್ತೆ,” ಎಂದಳು ಸೋನವ್ವ.

ಕೆಂಗವ್ವ ಕೊಕ್ಕನ್ನು ಕೊಂಬೆಗೆ ಒರೆಸಿಕೊಂಡಳು. “ಹಸಿದಿತ್ತು, ಕೊಟ್ಟೆ,” ಎಂದು ಗೊಣಗಿ, ಇನ್ನೊಂದು ಹುಳು ಹುಡುಕಲು ಹೋದಳು.

ಆಲದಜ್ಜಿ ಕೊಂಬೆ ಬಗ್ಗಿಸಿ ಎಲ್ಲ ಮರಿಗಳಿಗೂ ಅವೇ ಮೊದಲೆರಡು ಹೆಸರು ಹೇಳಿ ಕೆಂಪು ಒತ್ತಿದಳು. ಮೂರನೆಯದು ಊರಿನ ಗುರುತು ಅಷ್ಟೇ, ಅದು ಬಾಲದಲ್ಲಿದ್ದರೆ ಸಾಕು ಎಂದಳು.

ಅದಕ್ಕೇ ಇಂದಿಗೂ ಪಿಕಳಾರದ ಮರಿ ಬೋಳು ಕೆನ್ನೆಯಲ್ಲೇ ಗೂಡು ಬಿಡುತ್ತದೆ, ಕೆಂಪು ಆಮೇಲೆ ಬರುತ್ತದೆ. ಇನ್ನು ನಿಮ್ಮ ಬೇಲಿಯ ಮೇಲೆ ಕೂತ ಪಿಕಳಾರ ತಲೆ ಓರೆ ಮಾಡಿ, ನಿಮ್ಮನ್ನು ಮೊದಲು ಒಂದು ಕಣ್ಣಲ್ಲಿ, ಆಮೇಲೆ ಇನ್ನೊಂದು ಕಣ್ಣಲ್ಲಿ ನೋಡಿದರೆ, ಅದು ಕೆಂಗವ್ವನ ವಂಶದ್ದೇ; ನಿಮ್ಮ ಬಾಲದ ತುದಿ ಬಿಳಿಯೋ ಎಂದು ಹುಡುಕುತ್ತಿದೆ.