ಟಿಟ್ಟವ್ವನ ಒದ್ದೆ ಹೊಟ್ಟೆ

ಭೂಮಿ ಆಗಷ್ಟೇ ಆಗಿತ್ತು. ಬೆಟ್ಟಕ್ಕೆ ಬೆರಳು ತಾಗಿದರೆ ಗುರುತು ಬೀಳುವಷ್ಟು ಹಸಿ.

ಆಗ ಹಕ್ಕಿಗಳಿಗೆಲ್ಲ ಕೊಂಬೆ ಹಿಡಿಯಲು ಕಾಲಿನ ಹಿಂದೊಂದು ಬೆರಳು ಬಂತು. ಟಿಟ್ಟಿಭ ಹಕ್ಕಿ ಟಿಟ್ಟವ್ವನಿಗೆ ಮಾತ್ರ ಬಂದದ್ದು ಒಂದು ಮೊಟಕು ಬೆರಳು. ಯಾಕೆ ಅಂತ ನನ್ನನ್ನು ಕೇಳಬೇಡಿ, ಯಾರಿಗೂ ಗೊತ್ತಿಲ್ಲ.

ಆದರೂ ಅವಳಿಗೆ ಮರದ ಮೇಲೇ ಗೂಡು ಬೇಕು. ಮರದಲ್ಲಿ ಗೂಡು ನೇಯುವ ಗೀಜಗಣ್ಣ "ಬೇಡ ಕಣಕ್ಕ, ಜಾರ್ತೀಯ" ಅಂದ. ಕೇಳಿದರೆ ತಾನೇ! ಜಾಲಿಮರದ ತುದಿಯಲ್ಲಿ ಗೂಡು ಕಟ್ಟಿ ನಾಲ್ಕು ಮೊಟ್ಟೆ ಇಟ್ಟಳು. ಗಾಳಿ ಬೀಸಿತು, ಕಾಲು ಜಾರಿತು, ಗೂಡಿನ ಸಮೇತ ಬಿದ್ದಳು. ನಾಲ್ಕೂ ಒಡೆದವು.

ಅಯ್ಯೋ ಪಾಪ, ಅತ್ತಳು. ಹೊಳೆದಂಡೆಯ ಕಲ್ಲುಗಳ ನಡುವೆ ಕೂತು, ಕಾಲು ನೋಡಿಕೊಂಡು ಅತ್ತಳು. "ನನಗೊಬ್ಬಳಿಗೇ ಯಾಕೆ ಹೀಗೆ?" ಬೆಳಗಾದರೆ ಅದೇ, ಸಂಜೆಯಾದರೆ ಅದೇ. ಗೀಜಗಣ್ಣ ಮಾತಾಡಿಸಲು ಬಂದ. ಅವನ ಕಾಲು ನೋಡಿ ಇನ್ನೂ ಜೋರಾಗಿ ಅತ್ತಳು. ಅವನು ಬರುವುದನ್ನೇ ಬಿಟ್ಟ.

ಹಾಗೆ ಅಳುತ್ತಿರುವಾಗಲೇ ಮತ್ತೆ ಮೊಟ್ಟೆಯಿಡುವ ಹೊತ್ತು ಬಂತು. ಕೂತಲ್ಲೇ, ಕಲ್ಲುಗಳ ನಡುವೆಯೇ, ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ ಇಟ್ಟಳು. ಆದರೆ ತಿರುಗಿಯೂ ನೋಡಲಿಲ್ಲ. ನೆಲದ ಮೇಲೆ ಬಿದ್ದದ್ದನ್ನು ಏನಂತ ಕಾಯುವುದು ಅಂತ ಅವಳ ಸಂಕಟ.

ಬಿಸಿಲೇರಿತು. ಕಲ್ಲುಗಳು ಕಾದವು.

"ಟಿಟ್ಟವ್ವ, ಒಂದು ಮೊಟ್ಟೆ ಬೆಂದುಹೋಯ್ತಲ್ಲೇ!" ಅಂದಳು ಹೊಳೆಯಮ್ಮ.

ಟಿಟ್ಟವ್ವ ಬೆಚ್ಚಿ ತಿರುಗಿದಳು. ಕೊಕ್ಕಿನಿಂದ ಮುಟ್ಟಿ ನೋಡಿದಳು. ಹೌದು, ಹೋಗಿತ್ತು.

"ಹೊಳೆಯಮ್ಮಾ, ನನ್ನ ಬೆರಳು ಎಂದಾದರೂ ಬೆಳೆಯುತ್ತಾ?"

"ಇಲ್ಲ ಮಗಳೇ. ಸುಳ್ಳು ಹೇಳಿ ಏನು ಮಾಡಲಿ? ನಾನೂ ಪ್ರತಿ ಬೇಸಿಗೆ ಬತ್ತಿ ಬಡವಾಗ್ತೀನಿ. ಅದೂ ಸರಿಹೋಗಲ್ಲ. ಇನ್ನೂ ಮೂರು ಬದುಕಿವೆ, ನೋಡು."

ಟಿಟ್ಟವ್ವ ಕೊನೆಯ ಸಲ ತನ್ನ ಕಾಲು ನೋಡಿಕೊಂಡಳು. "ಬೆಳೆಯಲ್ಲ" ಅಂದಳು. ಆಮೇಲೆ ಅದೇ ಕಾಲಲ್ಲಿ ಓಡಿದಳು. ನೆಲದ ಮೇಲೆ ಎಷ್ಟು ಚೆನ್ನಾಗಿ ಓಡಿತು ಆ ಕಾಲು! ನೀರಲ್ಲಿ ಹೊಟ್ಟೆ ಅದ್ದಿ, ಓಡಿ ಬಂದು ಮೊಟ್ಟೆಗಳ ಮೇಲೆ ಕೂತಳು. ಹೊಟ್ಟೆ ಒಣಗಿತು, ಮತ್ತೆ ಓಡಿದಳು. ಅಳಲು ಪುರಸೊತ್ತೆಲ್ಲಿ?

ಮೂರು ಮರಿಗಳು ಹೊರಬಂದವು. ನಾಲ್ಕನೆಯದು ಹಾಗೇ ಇತ್ತು. ಅದರ ಪಕ್ಕ ಕೂತು ಕೊಕ್ಕಿನಿಂದ ಒಮ್ಮೆ ಸವರಿದಳು. ಆಮೇಲೆ ಎದ್ದು ಮರಿಗಳ ಹಿಂದೆ ನಡೆದಳು.

ಅದಕ್ಕೇ ಇವತ್ತಿಗೂ ಬೇಸಿಗೆಯಲ್ಲಿ ಹೊಳೆದಂಡೆಗೆ ಹೋದರೆ, ಟಿಟ್ಟಿಭ ಹೊಟ್ಟೆ ನೆನೆಸಿಕೊಂಡು ಬಂದು ಕಲ್ಲುಗಳ ನಡುವೆ ಕೂರುವುದು ಕಾಣುತ್ತದೆ. ನೋಡಿಕೊಂಡು ಕಾಲಿಡಿ ಮಕ್ಕಳೇ, ಅಲ್ಲಿರುವುದೆಲ್ಲ ಬರೀ ಕಲ್ಲಲ್ಲ.